ನೋವಾ ಹುತಾದ ಮನೆಯಿಂದ ಕಂಡ ಕ್ರಾಕೋವ್

ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಬಸ್ಸೋ ವಿಮಾನವೋ ಹತ್ತುವುದು, ಹಳೇ ಊರಿನ ನಟ್ಟನಡುವೆ ಒಂದು ರೂಮು, ಶನಿವಾರ ಪೂರ್ತಿ ಕಾಲು ಬೀಳುವಷ್ಟು ಓಡಾಟ, ಭಾನುವಾರ ರಾತ್ರಿ ವಾಪಸ್. ಜರ್ಮನಿಗೆ ಕೆಲಸಕ್ಕೆ ಬಂದ ಮೇಲೆ ನಮ್ಮಲ್ಲಿ ಹೆಚ್ಚಿನವರು ಯುರೋಪ್ ನೋಡಿರುವುದು ಹೀಗೇ ಅಲ್ವಾ? ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಫೋಟೋದಲ್ಲಿ ಬೇರೆ ಬೇರೆ ಇರುತ್ತವೆ. ನೆನಪಿನಲ್ಲಿ ಎಲ್ಲಾ ಕಲಸಿಹೋಗಿರುತ್ತವೆ. ಒಂದು ಚೌಕ, ಒಂದು ಚರ್ಚು, ಒಂದು ಅರಮನೆ, ಒಂದು ಸೇತುವೆ. ಯಾವ ಊರಿನದು ಯಾವುದು ಅಂತ ಕೇಳಿದರೆ ಫೋನ್ ತೆಗೆದು ನೋಡಬೇಕು.

ಇವತ್ತು ಈ ಸಭೆಯಲ್ಲಿ ನಾನು ಮಾತಾಡುವುದು ಪೋಲೆಂಡಿನ ಕ್ರಾಕೋವ್ ಬಗ್ಗೆ. ಅಲ್ಲಿ ಊರಿನವರ ಮನೆಯಲ್ಲೇ ಉಳಿದರೆ, ಆ ಮನೆಯವರ ಶನಿವಾರ ಭಾನುವಾರ ಹೇಗೆ ಕಳೆಯುತ್ತದೋ ಹಾಗೇ ನಾವೂ ಕಳೆದರೆ, ಊರು ಎಲ್ಲಿಂದ ಎಲ್ಲಿಗೆ ಹರಡಿಕೊಳ್ಳುತ್ತದೆ ಅನ್ನುವುದನ್ನು ಹೇಳಬೇಕು ಅಂತ ಆಸೆ.

ಮೊದಲು ಎಲ್ಲರೂ ನೋಡುವ ಕ್ರಾಕೋವ್ ಮುಗಿಸಿಬಿಡೋಣ. ಅದು ಚೆನ್ನಾಗಿಲ್ಲ ಅಂತ ನಾನು ಹೇಳುವುದೇ ಇಲ್ಲ. 1241ರಲ್ಲಿ ಮಂಗೋಲರು ಊರನ್ನು ಹಾಳು ಮಾಡಿ ಹೋದರು. 1257ರಲ್ಲಿ ಹೊಸದಾಗಿ ಅಳತೆ ಹಾಕಿ ಊರು ಕಟ್ಟಿದರು. ನಡುವಿನ ಚೌಕ ಒಂದೊಂದು ಬದಿಗೂ ಸುಮಾರು 200 ಮೀಟರ್. ಅದಕ್ಕೆ ರೀನೆಕ್ ಅನ್ನುತ್ತಾರೆ. ನಡುವೆ ಉದ್ದಕ್ಕೆ ಹಳೇ ಬಟ್ಟೆ ವ್ಯಾಪಾರದ ಕಟ್ಟಡ, ಒಂದು ಮೂಲೆಯಲ್ಲಿ ಎತ್ತರ ಬೇರೆ ಬೇರೆಯಾದ ಎರಡು ಗೋಪುರದ ಸಂತ ಮರಿಯಮ್ಮನ ಚರ್ಚು. ದಕ್ಷಿಣಕ್ಕೆ ನಡೆದರೆ ವಾವೆಲ್ ಗುಡ್ಡ, ಪೋಲೆಂಡಿನ ರಾಜರ ಅರಮನೆ. 1364ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದೆ, ಕೊಪರ್ನಿಕಸ್ ಓದಿದ್ದು ಅಲ್ಲೇ. ಎರಡನೇ ಮಹಾಯುದ್ಧದಲ್ಲಿ ವಾರ್ಸಾ ನೆಲಸಮ ಆಯಿತು, ಕ್ರಾಕೋವ್ ಹೆಚ್ಚು ಕಡಿಮೆ ಹಾಗೇ ಉಳಿಯಿತು. 1978ರಲ್ಲಿ ಯುನೆಸ್ಕೋ ಮೊಟ್ಟಮೊದಲ ಬಾರಿ ವಿಶ್ವ ಪರಂಪರೆಯ ಪಟ್ಟಿ ಮಾಡಿದಾಗ ಅದರಲ್ಲಿದ್ದ 12 ಜಾಗಗಳಲ್ಲಿ ಇದೂ ಒಂದು. ಪಕ್ಕದ ವಿಯೆಲಿಚ್ಕಾ ಉಪ್ಪಿನ ಗಣಿ ಇನ್ನೊಂದು.

ಇದೆಲ್ಲಾ ಒಂದು ದಿನದಲ್ಲಿ ನಡೆದೇ ನೋಡಬಹುದು. ಆದರೆ ಅಲ್ಲಿ ಸುಮ್ನೆ ತಲೆ ಎತ್ತಿ ಮಹಡಿಗಳ ಕಿಟಕಿ ನೋಡಿ. ಹೆಚ್ಚಿನ ಕಿಟಕಿಗಳ ಹಿಂದೆ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟ ರೂಮುಗಳು. ಕೆಳಗೆ ಕುಡಿದು ಹಾಡುವ ಗುಂಪುಗಳು. ಊರಿನವರು ದೂರು ಕೊಟ್ಟೂ ಕೊಟ್ಟೂ, ಕೊನೆಗೆ 2023ರ ಜುಲೈನಿಂದ ಮಧ್ಯರಾತ್ರಿಯಾದ ಮೇಲೆ ಅಂಗಡಿಗಳಲ್ಲಿ ಮದ್ಯ ಮಾರುವುದನ್ನು ನಗರಸಭೆ ನಿಲ್ಲಿಸಿತು. ಅಂದರೆ ನಾವು ಹುಡುಕಿಕೊಂಡು ಹೋಗುವ ಆ 'ಹಳೇ ಊರಿನ ನಡುವಿನ ರೂಮು' ಇದೆಯಲ್ಲ, ಅಲ್ಲಿ ಅಕ್ಕಪಕ್ಕ ಇರುವವರೂ ನಮ್ಮಂಥವರೇ. ಊರಿನವರು ಇರುವುದು ಬೇರೆ ಕಡೆ.

ಹಾಗಾದರೆ ಊರಿನವರ ಮನೆ ಸಿಗುವುದು ಹೇಗೆ? ಸರ್ವಾಸ್ ಅಂತ ಒಂದು ಜಾಲ ಇದೆ. ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಬೇರೆ ಬೇರೆ ದೇಶದವರು ಒಬ್ಬರ ಮನೆಗೊಬ್ಬರು ಹೋಗಿ ಬರುತ್ತಿದ್ದರೆ ಜಗಳ ಕಡಿಮೆಯಾದೀತು ಅನ್ನುವ ಆಸೆಯಿಂದ ಡೆನ್ಮಾರ್ಕ್‌ನಲ್ಲಿ ಹುಟ್ಟಿದ್ದು. ಸೇರುವ ಮೊದಲು ಒಬ್ಬರು ನಿಮ್ಮ ಜೊತೆ ಕೂತು ಮಾತಾಡುತ್ತಾರೆ, ಪರಿಚಯ ಪತ್ರ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ರಾತ್ರಿ ಉಳಿಯಬಹುದು, ದುಡ್ಡಿನ ಮಾತಿಲ್ಲ. ವಾರಾಂತ್ಯಕ್ಕೆ ಅಳತೆ ತೆಗೆದು ಮಾಡಿದ ಹಾಗಿದೆ. ಊರಿನವರ ಮನೆಯಲ್ಲಿ ಉಳಿಯಲು ಜಾಗ ಹುಡುಕಿಕೊಡುವ ಜಾಲತಾಣ ಕೌಚ್‌ಸರ್ಫಿಂಗ್ ನಿಮಗೆಲ್ಲ ಗೊತ್ತು. ಹುಡುಗರಿಗೆ ಅದು ಸರಿ. ನನಗೆ ಮಾತ್ರ ಇದೆರಡೂ ಬೇಕಾಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಊರು ಕ್ರಾಕೋವ್. 'ರೂಮು ಯಾಕೆ ಮಾಡ್ತೀಯ, ಅಪ್ಪ ಅಮ್ಮ ಇದ್ದಾರೆ, ನನ್ನ ಕೋಣೆ ಖಾಲಿ ಇದೆ' ಅಂದರು. ನಮ್ಮಲ್ಲಿ ಎಷ್ಟೋ ಜನ ಇಂಥ ಮಾತಿಗೆ 'ಪರವಾಗಿಲ್ಲ, ತೊಂದರೆ ಬೇಡ' ಅಂದುಬಿಡುತ್ತೇವೆ. ಯುರೋಪಿನವರು ಅದನ್ನು ಸಂಕೋಚ ಅಂತ ತಿಳಿಯುವುದಿಲ್ಲ. ಬೇಡ ಅಂದರೆ ಬೇಡ ಅಂತಲೇ ತಿಳಿಯುತ್ತಾರೆ, ಎರಡನೇ ಸಲ ಕರೆಯುವುದಿಲ್ಲ. ಅದಕ್ಕೇ ಮೊದಲ ಸಲವೇ ಹೂಂ ಅನ್ನಿ.

ಅವರ ಮನೆ ಇದ್ದದ್ದು ಕ್ರಾಕೋವ್‌ನದೇ ಒಂದು ಭಾಗವಾದ ನೋವಾ ಹುತಾದಲ್ಲಿ. ಹಳೇ ಊರಿನಿಂದ ಪೂರ್ವಕ್ಕೆ ನಾಲ್ಕನೇ ನಂಬರಿನ ಟ್ರಾಮಿನಲ್ಲಿ ಅರ್ಧ ಗಂಟೆ ಹತ್ತಿರ ದಾರಿ. ಟಿಕೆಟ್ ತಗೊಂಡರೆ ಸಾಲದು, ಒಳಗಿನ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು, ಮರೆಯಬೇಡಿ. ಬಾಗಿಲಲ್ಲಿ ಯಜಮಾನರು ಕೈಕುಲುಕಲಿಲ್ಲ. ಮೊದಲು ತೋಳು ಹಿಡಿದು ಒಳಗೆ ಎಳೆದುಕೊಂಡರು, ಆಮೇಲೆ ಕೈಕುಲುಕಿದರು. ಹೊಸ್ತಿಲ ಆಚೆ ಒಬ್ಬರು ಈಚೆ ಒಬ್ಬರು ನಿಂತು ಕೈ ಕೊಡಬಾರದು ಅನ್ನುವ ನಂಬಿಕೆ ಅವರದು. ನಮ್ಮಜ್ಜಿಗೆ ಇವರನ್ನು ಕಂಡಿದ್ದರೆ ಬಹಳ ಇಷ್ಟ ಆಗುತ್ತಿತ್ತು! ಶೂ ಬಿಚ್ಚುತ್ತಿದ್ದ ಹಾಗೆ ಮುಂದೆ ಒಂದು ಜೊತೆ ಬಟ್ಟೆ ಚಪ್ಪಲಿ ಬಂತು. ಬಂದವರಿಗೆ ಅಂತಲೇ ಬಾಗಿಲ ಹತ್ತಿರ ಒಂದು ಬುಟ್ಟಿ ತುಂಬಾ ಇಟ್ಟಿದ್ದರು.

ಭಾಷೆ? ಅವರಿಗೆ ಇಂಗ್ಲಿಷ್ ಇಲ್ಲ, ನನಗೆ ಪೋಲಿಷ್ ಇಲ್ಲ. ಆದರೆ ಆ ತಾಯಿ ಜರ್ಮನಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಕೆಲವು ವರ್ಷ ಬಂದುಹೋಗಿ ಮಾಡಿದ್ದರು. ಪೋಲೆಂಡಿನ ಎಷ್ಟೋ ಹೆಂಗಸರು ಮಾಡುವ ಕೆಲಸ ಅದು. ಹಾಗಾಗಿ ಅವರದೂ ಹರುಕುಮುರುಕು ಜರ್ಮನ್, ನನ್ನದೂ ಅದೇ. ಇಬ್ಬರೂ ತಪ್ಪು ಮಾತಾಡುವವರೇ ಆದರೆ ಮಾತು ಎಷ್ಟು ಸಲೀಸು ಗೊತ್ತಾ? ವ್ಯಾಕರಣ ತಿದ್ದುವವರು ಯಾರೂ ಇರುವುದಿಲ್ಲ.

ನನ್ನ ಹೆಂಡತಿ ಹಾಸನದವಳು. ಯಾರ ಮನೆಗೆ ಹೋದರೂ ಕಾಫಿಪುಡಿಯ ಪೊಟ್ಟಣ ಕಳಿಸದೆ ಬಿಡುವುದಿಲ್ಲ. ಚಿಕೋರಿ ಬೆರೆಸಿದ ಪುಡಿ. ಫಿಲ್ಟರ್ ಒಯ್ದಿರಲಿಲ್ಲ, ಹೇಗೆ ಮಾಡಿಕೊಡುವುದು ಅಂತ ನಾನು ಯೋಚಿಸುತ್ತಾ ಕೂತಿದ್ದೆ. ಯಜಮಾನರು ಗಾಜಿನ ಲೋಟ ತೆಗೆದರು, ಎರಡು ಚಮಚ ಪುಡಿ ನೇರ ಲೋಟಕ್ಕೇ ಹಾಕಿದರು, ಮೇಲೆ ಕುದಿಯುವ ನೀರು ಹೊಯ್ದು ತಟ್ಟೆ ಮುಚ್ಚಿದರು. ಐದು ನಿಮಿಷಕ್ಕೆ ಗಸಿ ತಳಕ್ಕೆ ಕೂತಿತ್ತು. ಅಲ್ಲಿನ ಹಿರಿಯರು ಕಾಫಿ ಕುಡಿಯುವುದೇ ಹಾಗೆ, ಗಸಿ ಬಾಯಿಗೆ ಬರದ ಹಾಗೆ ಮೇಲಿಂದ ಮೇಲೆ ಹೀರುತ್ತಾ. ಒಂದು ಗುಟುಕು ಕುಡಿದವರೇ ಹೆಂಡತಿಯ ಕಡೆ ತಿರುಗಿ 'ಇಂಕಾ!' ಅಂದರು. ಕಪಾಟಿನಿಂದ ಡಬ್ಬಿ ತೆಗೆದು ತೋರಿಸಿದರು. ರೈ, ಬಾರ್ಲಿ, ಬೀಟ್ ಗೆಡ್ಡೆ ಮತ್ತು ಚಿಕೋರಿ ಹುರಿದು ಮಾಡುವ, ಕಾಫಿಯೇ ಇಲ್ಲದ ಕಾಫಿ ಅದು. 1971ರಿಂದ ಪೋಲೆಂಡಿನಲ್ಲಿ ಮಾರುತ್ತಿದ್ದಾರೆ. ಕಮ್ಯುನಿಸ್ಟರ ಕಾಲದಲ್ಲಿ ನಿಜವಾದ ಕಾಫಿ ಸಿಗುವುದೇ ಕಷ್ಟ. ಹಾಗಾಗಿ ಚಿಕೋರಿಯ ವಾಸನೆ ಅವರಿಗೆ ನಮ್ಮಷ್ಟೇ ಹಳೇ ಪರಿಚಯ, ಕಾರಣ ಮಾತ್ರ ಬೇರೆ.

ಈಗ ನೋವಾ ಹುತಾ ಅಂದರೆ ಏನು ಅಂತ ಹೇಳಬೇಕು. ನನ್ನ ಪ್ರಕಾರ ಕ್ರಾಕೋವ್ ನೋಡುವವರು ರಾಜರ ಗುಡ್ಡಕ್ಕೆ ಕೊಡುವಷ್ಟೇ ಸಮಯ ಇದಕ್ಕೂ ಕೊಡಬೇಕು. 1949ರಲ್ಲಿ ಹೊಲಗದ್ದೆಗಳ ಮೇಲೆ ಕಟ್ಟಲು ಶುರುಮಾಡಿದ ಊರು ಇದು. ದೊಡ್ಡ ಉಕ್ಕಿನ ಕಾರ್ಖಾನೆ, ಅದರ ಕೆಲಸಗಾರರಿಗೆ ಮನೆಗಳು. 1954ರಲ್ಲಿ ಮೊದಲ ಕುಲುಮೆ ಹೊತ್ತಿಸಿದರು, ಕಾರ್ಖಾನೆಗೆ ಲೆನಿನ್ ಹೆಸರು ಇಟ್ಟರು. ಅದಿರು ಹತ್ತಿರದಲ್ಲಿಲ್ಲ, ಸೋವಿಯತ್ ಒಕ್ಕೂಟದಿಂದ ಬರಬೇಕು. ಕಲ್ಲಿದ್ದಲು ಸಿಲೇಸಿಯಾದಿಂದ ಬರಬೇಕು. ಮತ್ತೆ ಇಲ್ಲೇ ಯಾಕೆ? ಕ್ರಾಕೋವ್ ಅಂದರೆ ಪ್ರೊಫೆಸರುಗಳು, ಪಾದ್ರಿಗಳು, ಹಳೇ ಮನೆತನದವರು. ಹೊಸ ಕಮ್ಯುನಿಸ್ಟ್ ಸರ್ಕಾರವನ್ನು ಅವರು ಒಪ್ಪಿರಲಿಲ್ಲ. ಅವರ ಪಕ್ಕದಲ್ಲೇ ಕಾರ್ಮಿಕರ ಊರು ಕಟ್ಟಿ ತಕ್ಕಡಿ ತಮ್ಮ ಕಡೆ ವಾಲಿಸಿಕೊಳ್ಳಲು ಹೊರಟರು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಇಲ್ಲಿ ಭದ್ರಾವತಿಯವರು ಯಾರಾದರೂ ಇದ್ದರೆ ಅವರಿಗೆ ಈ ಊರು ಬೇಗ ಅರ್ಥ ಆಗುತ್ತದೆ. ಕಾರ್ಖಾನೆಯ ಪಾಳಿಗೆ ತಕ್ಕ ಹಾಗೆ ಏಳುವ, ಮಲಗುವ, ಕಾರ್ಖಾನೆ ಸೊರಗಿದಾಗ ತಾನೂ ಸೊರಗುವ ಊರು.

ಯಜಮಾನರು ಹಳ್ಳಿಯಿಂದ ಬಂದು ಅದೇ ಕಾರ್ಖಾನೆ ಸೇರಿದವರು. ಒಂದು ಕಾಲದಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ಶನಿವಾರ ಮಧ್ಯಾಹ್ನ ಊರು ತೋರಿಸಲು ಕರೆದುಕೊಂಡು ಹೊರಟರು. ಅಗಲ ರಸ್ತೆಗಳು, ಕಮಾನಿನ ಮೊಗಸಾಲೆಗಳು, ಪ್ರತಿ ಕಟ್ಟಡಗಳ ಗುಂಪಿಗೂ ನಡುವೆ ಅಂಗಳ, ದೊಡ್ಡ ದೊಡ್ಡ ಮರಗಳು. ಮನಸ್ಸಿನಲ್ಲಿ ಬೂದು ಬಣ್ಣದ ಡಬ್ಬಿ ಕಟ್ಟಡಗಳನ್ನು ಇಟ್ಟುಕೊಂಡು ಹೋದವರಿಗೆ ಆಶ್ಚರ್ಯ ಆಗುವಷ್ಟು ಹಸಿರು. ಗುಲಾಬಿ ರಸ್ತೆ ಅಂತ ಒಂದಿದೆ. ಅಲ್ಲಿ 1973ರಿಂದ ಲೆನಿನ್ನರ ಭಾರೀ ಪ್ರತಿಮೆ ಇತ್ತು. 1979ರಲ್ಲಿ ಯಾರೋ ಅದಕ್ಕೆ ಬಾಂಬ್ ಇಟ್ಟರು, ಲೆನಿನ್ನರ ಹಿಮ್ಮಡಿ ಮಾತ್ರ ಹಾರಿಹೋಯಿತು. 1989ರ ಡಿಸೆಂಬರಿನಲ್ಲಿ ಪೂರ್ತಿ ಕಿತ್ತರು. ಈಗ ಅದು ಸ್ವೀಡನ್ನಿನ ಒಂದು ಮನರಂಜನಾ ಪಾರ್ಕಿನಲ್ಲಿದೆ. ಯಜಮಾನರು ಪ್ರತಿಮೆ ಇದ್ದ ಜಾಗದಲ್ಲಿ ನಿಂತು ತಮ್ಮ ಹಿಮ್ಮಡಿ ಎತ್ತಿ ತೋರಿಸಿ ನಕ್ಕರು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮಧ್ಯದ ಚೌಕ. ಅದಕ್ಕೆ ಈಗ ಸೇರಿಸಿರುವುದು ಕಮ್ಯುನಿಸ್ಟರ ಕಡುವಿರೋಧಿ, ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಹೆಸರು. ಇತಿಹಾಸದ ಚೇಷ್ಟೆ ಅನ್ನುವುದು ಇದಕ್ಕೇ ಇರಬೇಕು.

ಈ ಊರನ್ನು ದೇವರಿಲ್ಲದ ಊರು ಅಂತ ಕಟ್ಟಿದ್ದರು. ಚರ್ಚಿಗೆ ಜಾಗ ಕೊಡುತ್ತೇವೆ ಅಂತ ಹೇಳಿ ಶಿಲುಬೆ ನೆಡಲು ಬಿಟ್ಟರು. ಆಮೇಲೆ ಮನಸ್ಸು ಬದಲಾಯಿಸಿ, ಅಲ್ಲಿ ಶಾಲೆ ಕಟ್ಟುತ್ತೇವೆ ಅಂತ 1960ರ ಏಪ್ರಿಲ್‌ನಲ್ಲಿ ಅದನ್ನು ಕೀಳಲು ಬಂದರು. ಹೆಂಗಸರು ಅಡ್ಡ ನಿಂತರು, ಕೆಲಸ ಬಿಟ್ಟ ಕಾರ್ಮಿಕರು ಸೇರಿಕೊಂಡರು, ಬೀದಿಯಲ್ಲಿ ಹೊಡೆದಾಟ ಆಯಿತು. ಶಿಲುಬೆ ಉಳಿಯಿತು. ಚರ್ಚು ಕಟ್ಟಲು ಒಪ್ಪಿಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. 1967ರಲ್ಲಿ ಕೆಲಸ ಶುರು, 1977ರಲ್ಲಿ ಮುಗಿಯಿತು. ಸರ್ಕಾರದಿಂದ ಸಹಾಯ ಇಲ್ಲ, ಜನರೇ ಬಂದು ಕಟ್ಟಿದರು. ಹಡಗಿನ ಆಕಾರದ ಆ ಕಟ್ಟಡದ ಹೊರಗೋಡೆಗೆ ಬೆಟ್ಟದ ಹೊಳೆಗಳ ನುಣುಪು ಕಲ್ಲುಗಳನ್ನು ಮೆತ್ತಿದ್ದಾರೆ, ಸುಮಾರು 20 ಲಕ್ಷ ಕಲ್ಲು. ಅದನ್ನು ಪ್ರತಿಷ್ಠೆ ಮಾಡಿದವರು ಆಗ ಕ್ರಾಕೋವ್‌ನ ಆರ್ಚ್‌ಬಿಷಪ್ ಆಗಿದ್ದ ಕಾರೋಲ್ ವೊಯ್ತೀವಾ. ಮುಂದಿನ ವರ್ಷವೇ ಅವರು ಪೋಪ್ ಎರಡನೇ ಜಾನ್ ಪಾಲ್ ಆದರು.

ಯಜಮಾನರು ಗೋಡೆಯ ಹತ್ತಿರ ಕರೆದು ಮೊಣಕೈ ಎತ್ತರದ ಒಂದು ಜಾಗ ಮುಟ್ಟಿ ತೋರಿಸಿದರು. ತಮ್ಮ ಕಲ್ಲು ಎಲ್ಲಿದೆ ಅಂತ ಅವರಿಗೇನೂ ಗೊತ್ತಿಲ್ಲ, ಹೆಚ್ಚುಕಡಿಮೆ ಇಲ್ಲೆಲ್ಲೋ ಅಂದರು. ಹುಡುಗರಾಗಿದ್ದಾಗ ರಜೆಗೆ ಬೆಟ್ಟದ ಕಡೆ ಹೋದವರು ವಾಪಸ್ ಬರುವಾಗ ಚೀಲದಲ್ಲಿ ಕಲ್ಲು ತುಂಬಿಕೊಂಡು ಬರುತ್ತಿದ್ದರಂತೆ. ಹಗಲು ಲೆನಿನ್ ಹೆಸರಿನ ಕಾರ್ಖಾನೆಯಲ್ಲಿ ಕೆಲಸ, ಬಿಡುವಿನಲ್ಲಿ ಚರ್ಚಿನ ಗೋಡೆ. 80ರ ದಶಕದಲ್ಲಿ ಸಾಲಿಡಾರಿಟಿ ಅನ್ನುವ, ಸರ್ಕಾರಕ್ಕೆ ಎದುರು ನಿಂತ ಕಾರ್ಮಿಕರ ಚಳವಳಿಗೆ ಗಟ್ಟಿ ನೆಲೆ ಆದದ್ದೂ ಅದೇ ಕಾರ್ಖಾನೆ. 1988ರ ವಸಂತದಲ್ಲಿ ಅಲ್ಲಿ ನಡೆದ ಮುಷ್ಕರ ದೊಡ್ಡದು. ಸರ್ಕಾರ ತನಗೆ ಬೇಕಾದ ಜನರನ್ನು ತಯಾರು ಮಾಡಲು ಕಟ್ಟಿದ ಊರು ಸರ್ಕಾರದ ವಿರುದ್ಧವೇ ನಿಂತಿತು. ಇದನ್ನು ಮಾಹಿತಿ ಫಲಕದಲ್ಲಿ ಓದಬಹುದು. ಆದರೆ ಎಪ್ಪತ್ತು ದಾಟಿದ ಒಬ್ಬರು ಗೋಡೆ ಸವರುತ್ತಾ ಹೇಳಿದಾಗ ತಲೆಯಲ್ಲಿ ಉಳಿಯುವ ರೀತಿಯೇ ಬೇರೆ.

ಶನಿವಾರ ಬೆಳಗಿನ ವಿಷಯ ಹಾರಿಸಿಬಿಟ್ಟೆ. ಬೆಳಿಗ್ಗೆ ಆ ತಾಯಿಯ ಜೊತೆ ಸ್ತಾರಿ ಕ್ಲೆಪಾಜ್ ಮಾರುಕಟ್ಟೆಗೆ ಹೋಗಿದ್ದೆ. ಹಳೇ ಊರಿನ ಗೋಡೆಯಾಚೆ, ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸೌತೆಕಾಯಿಯ ಪೀಪಾಯಿಗಳು, ತೂಕಕ್ಕೆ ಕತ್ತರಿಸಿ ಕೊಡುವ ಹಸಿ ಗಿಣ್ಣು (ಅಂದರೆ ಚೀಸ್), ಒಣಗಿಸಿದ ಅಣಬೆಯ ಸರಗಳು. ಅವರು ಗಿಣ್ಣು ತಗೊಳ್ಳುವ ಮೊದಲು ಮೂರು ಅಂಗಡಿಯಲ್ಲಿ ಚೂರು ಬಾಯಿಗೆ ಹಾಕಿಕೊಂಡು, ಕೊನೆಗೆ ಮೊದಲನೇ ಅಂಗಡಿಗೇ ವಾಪಸ್ ಬಂದರು. ಇದನ್ನು ನೋಡಲು ಟಿಕೆಟ್ ಇಲ್ಲ! ದಾರಿಯಲ್ಲಿ ತಳ್ಳುಗಾಡಿಯವರ ಹತ್ತಿರ ಒಬ್ವಾಜಾನೆಕ್ ತಿಂದೆವು. ಹಿಟ್ಟನ್ನು ಹೊಸೆದು ಬಳೆ ಮಾಡಿ, ಬಿಸಿನೀರಿನಲ್ಲಿ ಅದ್ದಿ ಆಮೇಲೆ ಸುಡುವ ರೊಟ್ಟಿ ಅದು. 2010ರಿಂದ ಆ ಹೆಸರಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆ ಇದೆ. ಬೆಳಿಗ್ಗೆಯೇ ತಿನ್ನಿ, ಸಂಜೆಗೆ ಗಟ್ಟಿಯಾಗಿಬಿಡುತ್ತದೆ.

ಕ್ರಾಕೋವ್‌ಗೆ ಹೋಗುವ ಹೆಚ್ಚಿನವರು, ಮಹಾಯುದ್ಧದಲ್ಲಿ ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಂದ ಶಿಬಿರ ಆಶ್ವಿಟ್ಜ್‌ಗೂ ಹೋಗುತ್ತಾರೆ. ವಾರಾಂತ್ಯದಲ್ಲಿ ಅದನ್ನು ತುರುಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಉಪ್ಪಿನ ಗಣಿ ಅಂತ ಒಂದೇ ದಿನದ ಪ್ಯಾಕೇಜು ಮಾರುತ್ತಾರೆ. ನನಗಂತೂ ಅದು ಸರಿ ಕಾಣುವುದಿಲ್ಲ. ಅದಕ್ಕೆ ಬೇರೆ ಒಂದು ದಿನ ಇಡಿ. ಊರಿನ ಒಳಗೇ, ನದಿ ದಾಟಿದರೆ ಪೋದ್‌ಗೂಜೆಯಲ್ಲಿ ಒಂದು ಚೌಕ ಇದೆ. ಯುದ್ಧಕ್ಕೆ ಮೊದಲು ಕ್ರಾಕೋವ್‌ನಲ್ಲಿ 60 ಸಾವಿರಕ್ಕೂ ಜಾಸ್ತಿ ಯಹೂದಿಗಳಿದ್ದರು. 1941ರ ಮಾರ್ಚ್‌ನಲ್ಲಿ ನಾಜಿಗಳು ಪೋದ್‌ಗೂಜೆಯಲ್ಲಿ ಗೋಡೆ ಹಾಕಿ, ಊರಲ್ಲಿ ಉಳಿದಿದ್ದವರನ್ನು ಅದರೊಳಗೆ ಕೂಡಿದರು. ಎರಡು ವರ್ಷಕ್ಕೆ, 1943ರ ಮಾರ್ಚ್ 13 ಮತ್ತು 14ರಂದು, ಅದನ್ನು ಖಾಲಿ ಮಾಡಿದರು. ಜನರನ್ನು ಸಾಗಿಸಿದ ಮೇಲೆ ಚೌಕದಲ್ಲಿ ಅವರ ಮೇಜು ಕುರ್ಚಿಗಳು ಬಿದ್ದಿದ್ದವು. ಅದಕ್ಕೇ 2005ರಲ್ಲಿ ಅಲ್ಲಿ ಲೋಹದ ಕುರ್ಚಿಗಳನ್ನು ನೆಟ್ಟರು. ದೊಡ್ಡ ಕುರ್ಚಿಗಳು ಚೌಕದ ತುಂಬಾ ಖಾಲಿ ನಿಂತಿವೆ. ಅಂಚಿನ ಸಣ್ಣ ಕುರ್ಚಿಗಳ ಮೇಲೆ ಟ್ರಾಮಿಗೆ ಕಾಯುವವರು ಕೂರುತ್ತಾರೆ. ಅದು ದಿನಬಳಕೆಯ ಟ್ರಾಮ್ ನಿಲ್ದಾಣವೂ ಹೌದು. ನಾವೂ ಮನೆಗೆ ಟ್ರಾಮು ಹತ್ತಿದ್ದು ಅಲ್ಲಿಂದಲೇ.

ಭಾನುವಾರ ಅಂಗಡಿಗಳು ಬಂದ್. 2018ರಲ್ಲಿ ಬಂದ ಕಾನೂನಿನಿಂದಾಗಿ ವರ್ಷದ ಬಹುತೇಕ ಭಾನುವಾರ ದೊಡ್ಡ ಅಂಗಡಿಗಳು ತೆರೆಯುವುದಿಲ್ಲ. ಜರ್ಮನಿಯಲ್ಲಿರುವ ನಮಗೆ ಇದು ಹೊಸದಲ್ಲ. ಬೆಳಿಗ್ಗೆ ಅವರು ಪೂಜೆಗೆ ಹೋದಾಗ ನಾನೂ ಹೋಗಿ ಹಿಂದೆ ನಿಂತಿದ್ದೆ. ಜಾಗ ಸಾಲದೆ ಜನ ಬಾಗಿಲಾಚೆಯೂ ನಿಂತಿದ್ದರು. ಆಮೇಲೆ ಊಟ. ಹನ್ನೆರಡು ಗಂಟೆಗೆ ಸರಿಯಾಗಿ ಆ ತಾಯಿ ಸೌಟು ಹಿಡಿದುಕೊಂಡೇ ರೇಡಿಯೋ ಸೌಂಡ್ ಜಾಸ್ತಿ ಮಾಡಿದರು. ತುತ್ತೂರಿ. ಮರಿಯಮ್ಮನ ಚರ್ಚಿನ ಎತ್ತರದ ಗೋಪುರದಿಂದ ಗಂಟೆಗೊಮ್ಮೆ, ಹಗಲೂ ರಾತ್ರಿ, ನಾಲ್ಕು ದಿಕ್ಕಿಗೂ ಊದುವ ತುತ್ತೂರಿ ಅದು. ಊದುವವರು ಅಗ್ನಿಶಾಮಕ ದಳದವರು. ಮಧ್ಯಾಹ್ನದ್ದನ್ನು ಪೋಲಿಷ್ ರೇಡಿಯೋ ದೇಶಕ್ಕೆಲ್ಲ ನೇರವಾಗಿ ಕೇಳಿಸುತ್ತದೆ. ರಾಗ ನಡುವೆಯೇ ತುಂಡಾಗುತ್ತದೆ. ಮಂಗೋಲರ ಬಾಣ ಊದುವವನ ಗಂಟಲಿಗೆ ತಗುಲಿತು, ಅದಕ್ಕೇ ಅಲ್ಲಿಗೆ ನಿಲ್ಲಿಸುತ್ತಾರೆ ಅಂತ ಕಥೆ. ಗೈಡುಗಳು ತುಂಬಾ ರಸವತ್ತಾಗಿ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಈ ಕಥೆ ಹರಡಿದ್ದು ಕಳೆದ ಶತಮಾನದಲ್ಲಿ. ಚೌಕದಲ್ಲಿ ನಿಂತು ಕೇಳುವವರು ಫೋನ್ ಎತ್ತಿ ಹಿಡಿದಿರುತ್ತಾರೆ. ಈ ಮನೆಯಲ್ಲಿ ಅದು ಸಾರು ಬಡಿಸುವ ಹೊತ್ತಾಯಿತು ಅನ್ನುವುದರ ಗುರುತು.

ಊಟದ ಹೊತ್ತಿನಲ್ಲೇ ಒಂದು ವಿಷಯ ಬಂತು. ಭಾರತದಲ್ಲಿ ಯಾವ ಊರು ಅಂತ ಕೇಳಿದರು. ನಿಪ್ಪಾಣಿ ಅಂದರೆ ಯಾರಿಗೆ ಗೊತ್ತು? 'ಕೊಲ್ಹಾಪುರದ ಹತ್ತಿರ' ಅಂದೆ. ಆ ತಾಯಿ ಚಮಚ ಕೆಳಗಿಟ್ಟರು. ಅವರ ಶಾಲೆಯ ಒಬ್ಬ ಟೀಚರು ಚಿಕ್ಕಂದಿನಲ್ಲಿ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಇದ್ದವರಂತೆ. 1940ರ ಹೊತ್ತಿಗೆ ಸೋವಿಯತ್ ಸರ್ಕಾರ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯಾ, ಕಜಾಕ್‌ಸ್ತಾನಕ್ಕೆ ಅಟ್ಟಿತ್ತು. ಅಲ್ಲಿಂದ ಬಿಡುಗಡೆಯಾದವರಲ್ಲಿ ಕೆಲವರು ಇರಾನ್ ದಾರಿಯಲ್ಲಿ ಭಾರತಕ್ಕೆ ಬಂದರು. ಜಾಮ್‌ನಗರದ ಮಹಾರಾಜರು ಬಾಲಾಚಡಿಯಲ್ಲಿ ನೂರಾರು ಮಕ್ಕಳಿಗೆ ನೆಲೆ ಕೊಟ್ಟರು. ವಾರ್ಸಾದಲ್ಲಿ ಅವರ ನೆನಪಿಗೆ ಒಂದು ಚೌಕವೇ ಇದೆ. ವಳಿವಡೆಯ ಶಿಬಿರ ಇನ್ನೂ ದೊಡ್ಡದು, ಸುಮಾರು 5,000 ಜನ, 1943ರಿಂದ 1948ರವರೆಗೆ. ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಇದ್ದವು. ಅವರು ಹೋದ ಮೇಲೆ ದೇಶ ವಿಭಜನೆಯಲ್ಲಿ ಬಂದ ಸಿಂಧಿಗಳು ಆ ಜಾಗದಲ್ಲಿ ನೆಲೆಸಿದರು, ಅದೇ ಈಗಿನ ಗಾಂಧಿನಗರ. ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆಯವರು ಮದುವೆ ಬಟ್ಟೆ ತರಲು ಹೋಗುವ ಅದೇ ಗಾಂಧಿನಗರ! ಚಿಕ್ಕಂದಿನಿಂದ ಅಲ್ಲಿ ಓಡಾಡಿದವನು ನಾನು. ಅಲ್ಲಿ ಪೋಲೆಂಡಿನವರು ಇದ್ದರು ಅನ್ನುವುದು ಗೊತ್ತಾಗಲು ನೋವಾ ಹುತಾದ ಅಡುಗೆಮನೆಗೆ ಹೋಗಬೇಕಾಯಿತು.

ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆ. ಸಸ್ಯಾಹಾರಿಗಳು ಏನು ಮಾಡಬೇಕು? ಮೊದಲೇ ಹೇಳಿ, ಹೋದ ಮೇಲೆ ಅಲ್ಲ. ಶುಕ್ರವಾರ ಸುಲಭ, ಹಿರಿಯ ಕ್ಯಾಥೊಲಿಕರು ಅವತ್ತು ಮಾಂಸ ಮುಟ್ಟುವುದಿಲ್ಲ. ಆಲೂಗಡ್ಡೆ, ಗಿಣ್ಣು ತುಂಬಿದ ಪಿಯೆರೋಗಿ ಸಿಗುತ್ತದೆ, ನಮ್ಮ ಕಡುಬಿನ ದೂರದ ನೆಂಟ. ಹೋಟೆಲಿನಲ್ಲಾದರೆ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಹಾಕುತ್ತಾರೆ, ಬೇಡ ಅನ್ನಿ. ಸೂಪಿನ ಬಗ್ಗೆ ಹುಷಾರು. ಭಾನುವಾರ ಕೋಳಿ ಬೇಯಿಸಿದ ರೊಸೂವ್ ಮಾಡುತ್ತಾರೆ, ಉಳಿದದ್ದಕ್ಕೆ ಸೋಮವಾರ ಟೊಮೆಟೊ ಹಾಕಿದರೆ ಟೊಮೆಟೊ ಸೂಪ್. ಹೆಸರು ಕೇಳಿ ಮೋಸ ಹೋಗಬೇಡಿ. ನನಗೆ ಅವರು ತರಕಾರಿ ನೀರಿನಲ್ಲಿ ಬೇರೆಯೇ ಮಾಡಿದ್ದರು.

ಯಾವ ತಿಂಗಳು ಒಳ್ಳೆಯದು? ಚಳಿಗಾಲದಲ್ಲಿ ಮೊದಲು ಹೊಗೆ ವಿಪರೀತ ಇತ್ತು. 2019ರ ಸೆಪ್ಟೆಂಬರ್‌ನಿಂದ ಊರೊಳಗೆ ಮನೆ ಬಿಸಿ ಮಾಡಲು ಕಲ್ಲಿದ್ದಲು, ಕಟ್ಟಿಗೆ ಸುಡುವಂತಿಲ್ಲ, ಪೋಲೆಂಡಿನಲ್ಲಿ ಹಾಗೆ ಮಾಡಿದ ಮೊದಲ ಊರು ಅದು. ಆದರೂ ಸುತ್ತಲಿನ ಹಳ್ಳಿಗಳ ಹೊಗೆ ಬರುತ್ತದೆ. ಮೇ ಅಥವಾ ಸೆಪ್ಟೆಂಬರ್ ನೋಡಿ. ಕುರಿಹಾಲಿನ ಹೊಗೆ ಗಿಣ್ಣು ಓಸ್ತ್ಸಿಪೆಕ್ ಅಸಲಿಯಾಗಿ ಸಿಗುವುದೂ ಆಗಲೇ. ನವೆಂಬರ್ ಒಂದರ ಹತ್ತಿರ ಮಾತ್ರ ಯಾರ ಮನೆಗೂ ಬರುತ್ತೇನೆ ಅಂತ ಕೇಳಬೇಡಿ. ಅವತ್ತು ಸತ್ತವರ ಹಬ್ಬ, ಎಲ್ಲರೂ ದೀಪ ಮತ್ತು ಸೇವಂತಿಗೆ ಹಿಡಿದು ಸಮಾಧಿಗಳಿಗೆ ಹೋಗುತ್ತಾರೆ. ಹಾಗೆಯೇ ಬೇರೆ ದಿನ ಹೋದಾಗಲೂ ಹೂವು ಒಯ್ಯುವುದಾದರೆ ಸೇವಂತಿಗೆ ಬೇಡ, ಎಣಿಕೆಯೂ ಬೆಸ ಇರಲಿ, ಐದೋ ಏಳೋ. ಇಲ್ಲವಾದರೆ ಕಾಫಿಪುಡಿ ಒಯ್ಯಿರಿ.